ಬಸ್ಸು ತಿರುಗಿದ ಹೊತ್ತು

ಕರ್ತನಲ್ಲಿ ಪ್ರಿಯರಾದವರೇ, ನಮ್ಮ ಮಗಳು ಸುಗುಣಾ ನಾಲ್ಕು ವರ್ಷದವಳಿದ್ದಾಗ ಅವಳ ಉಸಿರು ನಿಲ್ಲುವ ಹಂತಕ್ಕೆ ಬಂದಿತ್ತು. ಅದಕ್ಕೆ ಕಾರಣ ಅರ್ಧ ರೋಗ, ಅರ್ಧ ನಾನು. ನಮ್ಮವ್ವ ಸಭೆಯಲ್ಲಿ ಈ ಸಂಗತಿ ಹೇಳುವಾಗ ನನ್ನ ತಪ್ಪನ್ನು ಬಿಟ್ಟುಬಿಡುತ್ತಾಳೆ. ಆದ್ದರಿಂದ ಅದನ್ನೇ ಮೊದಲು ಬರೆಯುತ್ತಿದ್ದೇನೆ.

1958ರ ಜುಲೈ. ನಾನು ತಿಳವಳ್ಳಿಯಲ್ಲಿ ಮಾಸ್ತರನಾಗಿದ್ದೆ. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ ಬಂದವನು. ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ನಾಲ್ಕು ವರ್ಷಗಳಲ್ಲಿ ಮೂರು ಶಾಲೆ ಬಿಟ್ಟಿದ್ದೆ. ಎಲ್ಲಿ ಹೋದರೂ ಇದಲ್ಲ ಎನಿಸುತ್ತಿತ್ತು. ಭಾನುವಾರ ಅವ್ವನನ್ನು ಆರಾಧನೆಗೆ ಕರೆದೊಯ್ದು ನಾನು ಮಾತ್ರ ಹೊರಗೆ ಕೂತಿರುತ್ತಿದ್ದೆ. ದೇವರ ಪ್ರೀತಿ ಎಂಬುದು ನೊಂದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ ಎಂದು ತಿಳಿದಿದ್ದೆ.

ಮಗಳಿಗೆ ಎರಡು ದಿನದಿಂದ ಜ್ವರ, ಗಂಟಲು ನೋವು. ಗುರುವಾರ ಬೆಳಿಗ್ಗೆ ಹಾನಗಲ್ಲಿಗೆ ಹೋಗುವ ಏಳು ಗಂಟೆಯ ಬಸ್ಸಿಗೆ ಅವ್ವ ಸಿದ್ಧಳಾಗಿ ನಿಂತಿದ್ದಳು.

"ಉಪ್ಪನೀರಿಗೆ ಹೋಗೂ ನೋವಿಗೆ ದವಾಖಾನಿ ಯಾಕ ಬೇಕವ್ವ?" ಎಂದೆ.

"ನಿಮ್ಮ ಕಾಲೇಜಿನಾಗ ಕೂಸಿನ ಗಂಟಲಾನೂ ಓದಿಸಿದ್ರೇನು?"

ನಾನು ಏಳಲಿಲ್ಲ. ಬಸ್ಸು ಹೋಯಿತು.

ಹನ್ನೊಂದರ ಹೊತ್ತಿಗೆ ಸುಗುಣಾಳ ದನಿ ಅಡಗಿತು. ಬಾಯಿ ತೆರೆಸಿ ನೋಡಿದರೆ ಗಂಟಲಲ್ಲಿ ಬೂದಿ ಬಣ್ಣದ ಪೊರೆ. ಉಸಿರೆಳೆದಾಗೆಲ್ಲ ಸಿಳ್ಳೆಯಂಥ ಸದ್ದು, ಪಕ್ಕೆಗಳು ಒಳಕ್ಕೆ ಹೋಗುತ್ತಿದ್ದವು. ಹತ್ತಕ್ಕೆ ನಮ್ಮೂರು ದಾಟಿ ಹಿರೇಕೆರೂರಿಗೆ ಹೋದ ಬಸ್ಸು ಹಾನಗಲ್ಲಿಗೆ ಮರಳುವುದು ಸಂಜೆ ಐದಕ್ಕೆ. ಅದನ್ನು ಬಿಟ್ಟರೆ ಬೇರೆ ಬಸ್ಸಿಲ್ಲ. ನನ್ನ ಹೆಂಡತಿ ಎಸ್ತೇರ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ರಸ್ತೆಗೆ ಬಂದು ನಿಂತಳು. ನಾನು ಚಕ್ಕಡಿ ಹುಡುಕಲು ಹೋಗಿ ಬರಿಗೈಲಿ ಬಂದೆ. ಎಲ್ಲರ ಎತ್ತುಗಳೂ ಗದ್ದೆಯಲ್ಲಿದ್ದವು.

ಶಾಲೆಯಲ್ಲಿ ಹನ್ನೆರಡರ ಗಂಟೆ ಹೊಡೆಯಿತು. ಆಗ ನಾನು ಪ್ರಾರ್ಥಿಸಿದೆ. ಮೊಣಕಾಲೂರಿ ಅತ್ತೆನೆಂದು ಅವ್ವ ಹೇಳುತ್ತಾಳೆ. ಕೆಸರು ನೋಡುತ್ತ "ಇದ್ದರ ಕೇಳು" ಎಂದದ್ದಷ್ಟೇ ನನಗೆ ನೆನಪು. ಅದನ್ನೂ ಬಾಯಿಬಿಟ್ಟು ಹೇಳಿದೆನೋ ಇಲ್ಲವೋ ಖಾತ್ರಿಯಿಲ್ಲ.

ಐದು ನಿಮಿಷದೊಳಗೆ ಹಿರೇಕೆರೂರಿನ ಕಡೆಯಿಂದ ಬಸ್ಸು ಬಂತು.

ಡ್ರೈವರ್ ಹುಸೇನಸಾಬರು, ಸವಣೂರಿನವರು, ತಲೆ ಹೊರಗೆ ಹಾಕಿದರು. "ಹಳ್ಳ ತುಂಬಿ ಬಂದೈತ್ರಿ ಮಾಸ್ತರ್ರ. ಒಂದ್ ತಾಸು ಕಾದು, ಹನ್ನೊಂದೂವರಿಗೆ ಗಾಡಿ ತಿರುವಿದ್ನಿ. ಯಾಕ, ಕೂಸಿಗೇನಾತು? ಹತ್ರಿ, ಲಗೂ ಹತ್ರಿ!"

ಒಬ್ಬ ಮುದುಕಿ ಎದ್ದು ಎಸ್ತೇರಳಿಗೆ ಜಾಗ ಕೊಟ್ಟಳು. "ದಿನ ತುಂಬಿದ ಮಗಳ ಕಡೆ ಹೊಂಟಿದ್ನೆವ್ವ, ಹಳ್ಳ ಬಿಡಲಿಲ್ಲ. ನಿನ್ನ ಕೂಸಾದ್ರೂ ದವಾಖಾನಿ ಮುಟ್ಲಿ" ಎಂದಳು.

ಹಾನಗಲ್ಲಿನಲ್ಲಿ ಡಾಕ್ಟರಬಾಯಾರು ಗಂಟಲು ನೋಡಿದವರೇ ನನ್ನತ್ತ ತಿರುಗಿದರು. "ಇದು ಗಂಟಲಮಾರಿ. ಮುಂಜಾನಿ ಯಾಕ ತರಲಿಲ್ರಿ?" ಮಗುವನ್ನು ಒಳಗೆ ಒಯ್ದು, ಸೂಜಿಮದ್ದು ಹಾಕಿ ಹೊರಬಂದರು. "ಸಂಜೀತನ ಉಸಿರು ನಡೆದ್ರ ಆಶಾ ಐತಿ. ಕಟ್ಟಿದ್ರ ಗಂಟಲಾ ಕೊರೀಬೇಕಾಕ್ಕೈತಿ. ಈಗ ಏನೂ ಹೇಳಾಕಾಗೂದಿಲ್ಲ."

ಪಡಸಾಲೆಯ ಬೆಂಚಿನ ಮೇಲೆ ಕೂತೆ. ಒಳಗಿನ ಸಿಳ್ಳೆ ಹೊರಗೂ ಕೇಳುತ್ತಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನೂ ಉಸಿರು ಹಿಡಿಯುತ್ತಿದ್ದೆ. ಇವಳನ್ನು ಉಳಿಸಿದರೆ ಭಾನುವಾರ ಆರಾಧನೆಗೆ ಒಳಗೆ ಬಂದು ಕೂಡುತ್ತೇನೆ, ಅದು ಮಾಡುತ್ತೇನೆ, ಇದು ಬಿಡುತ್ತೇನೆ ಎಂದು ದೇವರೊಡನೆ ಚೌಕಾಶಿ ನಡೆಸಿದ್ದೆ. ಆಗ ತರ್ಕ ಕಲಿತ ತಲೆ ತನ್ನ ಕೆಲಸ ಮಾಡಿತು. ಬಸ್ಸು ತಿರುಗಿದ್ದು ಹನ್ನೊಂದೂವರೆಗೆ. ನಾನು ಕೇಳಿದ್ದು ಹನ್ನೆರಡಕ್ಕೆ. ಅಂದಮೇಲೆ ನನ್ನ ಪ್ರಾರ್ಥನೆಯಿಂದ ಬಸ್ಸು ತಿರುಗಲಿಲ್ಲ. ಸರಿ, ಕಾಕತಾಳೀಯ ಎಂದುಕೊಂಡೆ. ಆದರೆ ಯೋಚನೆ ಅಲ್ಲಿಗೆ ನಿಲ್ಲಲಿಲ್ಲ. ಅದು ದೇವರ ಪ್ರೀತಿಯೇ ಆಗಿದ್ದರೆ, ನಾನು ಕೇಳಲಿ ಎಂದು ಅದು ಕಾದಿರಲಿಲ್ಲ. ನನ್ನ ಹಟವನ್ನಾಗಲಿ ಅರೆನಂಬಿಕೆಯನ್ನಾಗಲಿ ತೂಗಿ ನೋಡಿರಲಿಲ್ಲ. ನನ್ನ ಮಾತಿನಿಂದ ಹುಟ್ಟದ್ದು ನನ್ನ ತಪ್ಪಿನಿಂದ ಸಾಯುವುದೂ ಇಲ್ಲ. ಮಗಳು ಉಳಿಯಲಿ ಎಂಬ ಆಸೆ ಕಿಂಚಿತ್ತೂ ಕಡಿಮೆಯಾಗಲಿಲ್ಲ, ಆದರೆ ಚೌಕಾಶಿ ನಿಂತಿತು, ಮನಸ್ಸು ಸಮಾಧಾನಕ್ಕೆ ಬಂತು.

ಹಳ್ಳ ನನಗಾಗಿಯೇ ತುಂಬಿತೆಂದು ನಾನು ಹೇಳುವುದಿಲ್ಲ. ಆ ಮುದುಕಿಯ ಮುಂದೆ ಅದನ್ನು ಹೇಳಲು ನನಗೆ ಬಾಯಿ ಬರದು. ಅವಳ ಮಗಳ ಸುದ್ದಿ ತಿಳಿಯಲು ಮುಂದೆ ಎಷ್ಟೋ ಜನರನ್ನು ಕೇಳಿದೆ, ಸಿಗಲಿಲ್ಲ.

ಈ ಸಮಾಧಾನ ನಿಜವಾಗಿ ಆಗಲೇ ಬಂತೇ, ಅಥವಾ ಮಗಳು ಉಳಿದ ಮೇಲೆ ನಾನು ಹಚ್ಚಿಕೊಂಡ ಬಣ್ಣವೇ? ನೆನಪು ಗೆದ್ದವರ ಕಡೆ ವಾಲುತ್ತದೆ. ಎಷ್ಟೋ ವರ್ಷ ಈ ಅನುಮಾನ ನನ್ನನ್ನು ಬಿಡಲಿಲ್ಲ. ಕೊನೆಗೆ ಸಾಕ್ಷಿ ಸಿಕ್ಕಿದ್ದು ಎಸ್ತೇರಳ ಸಿಟ್ಟಿನಲ್ಲಿ. ಆ ದಿನ ನಾಲ್ಕರ ಸುಮಾರಿಗೆ ಅವಳು ಹೊರಬಂದು ನನ್ನ ಭುಜ ಹಿಡಿದು ಅಲುಗಿಸಿದ್ದಳಂತೆ. ನಾನು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದೆನಂತೆ.

"ಒಳಗ ಕೂಸು ಉಸಿರಿಗೆ ಒದ್ದಾಡಾಕತ್ತಿತ್ತು. ಉಳೀತೈತಿ ಅಂತ ಡಾಕ್ಟರಬಾಯಾರು ಇನ್ನೂ ಹೇಳಿರಲಿಲ್ಲ. ನಿಮಗ ನಿದ್ದಿ ಹ್ಯಾಂಗ ಹತ್ತೀತ್ರಿ? ಗಾದಿ ಮ್ಯಾಲ ಹೊಳ್ಳಾಡಾವ್ರು, ಅವತ್ತ ಬೆಂಚಿನ ಮ್ಯಾಲ ಹೆಂಗ ಮಲಗಿದ್ರಿ?" ಇಂದಿಗೂ ಕೇಳುತ್ತಾಳೆ.

ಅವಳು ನನ್ನ ಪರವಾಗಿ ಸಾಕ್ಷಿ ಹೇಳುತ್ತಿಲ್ಲ. ಅದಕ್ಕೇ ಅದನ್ನು ನಂಬುತ್ತೇನೆ.

ಸಂಜೆ ಆ ಸಿಳ್ಳೆ ಸದ್ದು ತಗ್ಗಿತು. ಮರುದಿನ ಪೊರೆ ಸಡಿಲಾಯಿತು. ಮೂರನೆಯ ದಿನ ಸುಗುಣಾ ಒಡಕು ದನಿಯಲ್ಲಿ "ಅವ್ವಾ, ಹಸಿವು" ಎಂದಳು. ಎಸ್ತೇರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಏಳು ವರ್ಷವಾಯಿತು. ಈಗಲೂ ತಿಳವಳ್ಳಿಯಲ್ಲೇ ಇದ್ದೇನೆ, ಬೇರೆ ಊರು ಹುಡುಕಿಲ್ಲ. ಭಾನುವಾರ ಒಳಗೇ ಕೂಡುತ್ತೇನೆ. ಸಂಶಯಗಳೂ ನನ್ನ ಜೊತೆ ಒಳಗೆ ಬಂದು ಕೂಡುತ್ತವೆ. ಹೋದ ತಿಂಗಳು ಸಭೆಯಲ್ಲಿ ಅವ್ವ, ಮಗನ ಪ್ರಾರ್ಥನೆಗೇ ಬಸ್ಸು ತಿರುಗಿತು ಎಂದು ಮತ್ತೆ ಹೇಳಿದಳು. ಮನೆಗೆ ಬರುವಾಗ ತಡೆಯಲಾರದೆ, "ಹಂಗಲ್ಲವ್ವ, ನಾ ಕೇಳೂಕಿಂತ ಅರ್ಧ ತಾಸು ಮದಲ ತಿರುಗಿತ್ತು" ಎಂದೆ.

ಅವ್ವ ನಡೆಯುತ್ತಲೇ ನಕ್ಕಳು. "ಚಲೋನ ಆತಲ್ಲೋ. ನೀ ಕೇಳಲಿ ಅಂತ ಆಂವ ಕಾಯ್ಕೋತ ಕುಂತಿದ್ರ, ಕೂಸು ಎಲ್ಲಿರತಿತ್ತು?"

ಆತನಿಗೆ ಸ್ತೋತ್ರ.