ಹಗೂರ ಹಚ್ಚಿದ ಗೋಂದು

ನಮ್ಮ ವಿಜ್ಞಾನದ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೂ ಸೀಳಿತ್ತು. ಯಾವುದನ್ನು ಮೆಚ್ಚಿದರೂ ಅದರ ಮೇಲೆ ಆ ಬೆರಳನ್ನೊಮ್ಮೆ ಎಳೆಯುವರು, ನೋಟ್‌ಬುಕ್ಕಾಗಲಿ, ನಮ್ಮ ಜಡೆಯಾಗಲಿ. ಧಾರವಾಡದವರು. ರಾಜಾಜಿನಗರದಲ್ಲಿ ಇನ್ನೂ ಮೆಟ್ರೋ ಕಂಬಗಳು ಏಳದ ಕಾಲ. ನಾನು ಎಂಟನೇ ಕ್ಲಾಸು, ಮುಂದಿನ ಬೆಂಚು, ಮೇಡಂಗೆ ನಾನೇ ಅಚ್ಚುಮೆಚ್ಚು ಎಂದು ಬೀಗುತ್ತಿದ್ದವಳು.

ಆ ವರ್ಷ ಗದಗದ ಹುಡುಗಿಯೊಬ್ಬಳು ಬಂದು ಸೇರಿದಳು. ಅವಳಪ್ಪನಿಗೆ ಹೆಗ್ಗನಹಳ್ಳಿಯ ಕಡೆ ಕೆಲಸ ಸಿಕ್ಕಿತ್ತಂತೆ. ಅವಳು ಬಾಯಿ ತೆರೆದದ್ದೇ ತಡ, ಮೇಡಂ ಮುಖ ಅರಳಿತು. "ನಮ್ಮ ಕಡೀ ಹುಡುಗಿ" ಅಂದರು. ಮಧ್ಯಾಹ್ನ ಅವರ ಡಬ್ಬಿಯ ಶೇಂಗಾ ಚಟ್ನಿ ಅವಳ ರೊಟ್ಟಿಗೆ ಹೋಯಿತು. ನನಗೆ ಚಟ್ನಿಯೇನೂ ಬೇಕಿರಲಿಲ್ಲ, ಆದರೂ ಹೊಟ್ಟೆ ಉರಿಯಿತು.

ಶಾಲೆಯ ಸ್ಪರ್ಧೆಗೆ ಮೇಣದಬತ್ತಿಯ ಬಿಸಿಗೆ ಮೇಲೇರುವ ಪುಟ್ಟ ಬಲೂನು ಮಾಡಬೇಕಿತ್ತು. ಗೆದ್ದವರನ್ನು ಮೇಡಂ ಇನ್ನೊಂದು ಶಾಲೆಯ ಸ್ಪರ್ಧೆಗೆ ಬಸ್ಸಿನಲ್ಲಿ ಕರೆದೊಯ್ಯುವರು. ಬಹುಮಾನ ಯಾರಿಗೆ ಬೇಕಿತ್ತು, ನನಗೆ ಅವರ ಪಕ್ಕದ ಸೀಟು ಬೇಕಿತ್ತು. ಗಾಳಿಪಟದ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅಂಟಿಸುವಾಗ ಮೇಡಂ ನಮ್ಮಿಬ್ಬರಿಗೂ ಹೇಳಿದ್ದು ಒಂದೇ ಮಾತು: "ಗೋಂದು ಹಗೂರ ಹಚ್ರವಾ."

ಸ್ಪರ್ಧೆಯ ದಿನ ಹಾಲಿನ ಫ್ಯಾನುಗಳನ್ನೆಲ್ಲ ಆರಿಸಿದರು. ನನ್ನ ಬಲೂನು ಉಬ್ಬಿ, ನೆಲ ಬಿಟ್ಟು, ಮೊಳದೆತ್ತರ ಏರಿತು. ಅಷ್ಟರಲ್ಲಿ ಅಂಟು ಬಿಟ್ಟುಕೊಂಡು ಮೇಣದಬತ್ತಿಯ ಮೇಲೇ ಮಗುಚಿ ಬಿದ್ದು ಹೊತ್ತಿಕೊಂಡಿತು. ಪಿ.ಟಿ. ಸಾರ್ ಓಡಿ ಬಂದು ನೀರು ಸುರಿದರು.

"ಹಗೂರ ಹಚ್ಚು ಅಂದಿದ್ನಲ್ಲವಾ?" ಅಂದರು ಮೇಡಂ.

"ಹಗುರವಾಗೇ ಹಚ್ಚಿದೀನಿ ಮೇಡಂ. ಒಂದೊಂದೇ ತೊಟ್ಟು."

ಗದಗದವಳು ಕಿಸಕ್ಕನೆ ನಕ್ಕಳು. "ಹಗೂರ ಅಂದ್ರ ನಿಧಾನಕ್ಕ ಅಂತ."

ಅವಳ ಬಲೂನು ಛಾವಣಿ ಮುಟ್ಟಿ ಬಂತು. ಮೇಡಂ ಅದರ ಒಂದೊಂದು ಅಂಟಿನ ಮೇಲೂ ಹೆಬ್ಬೆರಳು ಎಳೆದರು. ಅವಳು ಗೆದ್ದದ್ದಕ್ಕಿಂತ ಆ ಬೆರಳನ್ನು ನೋಡುವುದೇ ನನಗೆ ಕಷ್ಟವಾಯಿತು.

ಎಷ್ಟೋ ವರ್ಷಗಳ ಮೇಲೆ ಮೇಡಂ ತೀರಿಕೊಂಡಾಗ ವಿಜಯನಗರದ ಅವರ ಮನೆಗೆ ಹೋದೆ. ಅವಳು ಆಗಲೇ ತಲೆಯ ಬಳಿ ಕೂತಿದ್ದಳು. ಅಲ್ಲಿಯೂ ನನಗಿಂತ ಮುಂಚೆ.

"ಕೊನೇಲಿ ಏನಾದ್ರೂ ಮಾತಾಡಿದ್ರೇನೇ?"

"ನಿನ್ನೆ ನಾ ಹೊಂಟಾಗ, ಹಗೂರ ಹೋಗವಾ ಅಂದ್ರು."

ಸಾವಿನ ಮನೆಯಲ್ಲೂ ನನಗೆ ಹೊಟ್ಟೆಕಿಚ್ಚು. ಆ ಸೀಳು ಉಗುರನ್ನು ಮುಟ್ಟಿ ಎದ್ದು ಬಂದೆ.

ಈಗ ನನ್ನ ಮಗಳು ಮೆಟ್ಟಿಲಿಳಿಯುವಾಗ ನನ್ನ ಬಾಯಲ್ಲಿ "ಹಗೂರ, ಹಗೂರ" ಎಂದೇ ಬರುತ್ತದೆ. ನಮ್ಮ ಮನೆಯಲ್ಲಿ ಯಾರೂ ಆಡದ ಮಾತು. ಆ ಗದಗದವಳ ಕಡೆಯದೇ ಇರಬಹುದು. ಆದರೆ ಮೇಡಂ ಅದನ್ನು ಅವತ್ತು ನಮ್ಮಿಬ್ಬರಿಗೂ ಹೇಳಿದ್ದರು.