ಜಾಲಿ ಕಪಾಟಿನ ಗೋಸುಂಬೆ

ಡೊಂಬಿವಲಿಯ ಬಾಗಿ ಕಳೆದ ಶುಕ್ರವಾರ ಮಧ್ಯಾಹ್ನ ತೀರಿಕೊಂಡಳು. ಮಲಗಿದವಳು ಏಳಲಿಲ್ಲ.

ಗಂಡನ ಹೋಟೆಲು ಮುಚ್ಚಿದಾಗ ಅವಳು ಅಲ್ಲಿಂದ ಮನೆಗೆ ತಂದದ್ದು ಅಡುಗೆಮನೆಯ, ತಂತಿಬಲೆ ಹೊದಿಸಿದ ಜಾಲಿ ಕಪಾಟು ಮಾತ್ರ. ಒಣಮೀನು, ಹಪ್ಪಳ, ಸಾರಿನ ಪಾತ್ರೆ ಎಲ್ಲ ಬೆಕ್ಕಿಗೆ ಸಿಗದಂತೆ ಅದರೊಳಗೇ ಇರುತ್ತಿದ್ದವು. ಬೇರೆಯವರು ಅದನ್ನು ತೆರೆದರೂ ಅವಳಿಗೆ ಸೇರುತ್ತಿರಲಿಲ್ಲ.

ಹಿಂದಿನ ತಿಂಗಳು ಮಗಳು ರಮಿತಾ ಸಾಕಲೆಂದು ಒಂದು ಗೋಸುಂಬೆ ತಂದಳು, ಜೊತೆಗೆ ಗಾಜಿನ ಪೆಟ್ಟಿಗೆ. ಗಾಜಿನಲ್ಲಿ ಕಂಡ ತನ್ನ ಬಿಂಬವನ್ನೇ ಎದುರಾಳಿಯೆಂದು ಬಗೆದು ಅದು ದಿನವಿಡೀ ಬುಸುಗುಟ್ಟಿತು, ಕಪ್ಪಾಯಿತು, ತಿನ್ನುವುದನ್ನೂ ಬಿಟ್ಟಿತು.

“ಅಮ್ಮ, ಇದಕ್ಕೆ ಗಾಳಿ ಆಡುವ ಜಾಲಿಯ ಮನೆ ಬೇಕಂತೆ. ನಿನ್ನ ಕಪಾಟು ಕೊಡು, ಇಲ್ಲದಿದ್ರೆ ಸಾಯ್ತದೆ.”

“ನಾವಿರುವುದೇ ಒನ್ ರೂಮ್ ಕಿಚನ್. ನಿನ್ನ ಸಾಹೇಬ್ರಿಗೆ ಗಾಳಿಯಾಡುವ ಹವೇಶೀರ್ ಫ್ಲ್ಯಾಟು ಬೇಕಾ? ಒಣಮೀನು ನಿನ್ನ ತಲೆ ಮೇಲೆ ಇಡ್ಲಾ?”

ಆ ಶುಕ್ರವಾರ ಬೆಳಿಗ್ಗೆ ರಮಿತಾ ಲೋಕಲ್ ರೈಲು ಹಿಡಿಯಲು ಹೋದ ಮೇಲೆ ಬಾಗಿ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು. ಪ್ರಾಣಿ ಕಣ್ಣು ಮುಚ್ಚಿಕೊಂಡಿತ್ತು. ಅವಳು ಒಣಮೀನನ್ನು ಸ್ಟೀಲ್ ಡಬ್ಬಿಗೆ ತುಂಬಿದಳು, ಬಿಸಿನೀರಿನಲ್ಲಿ ಕಪಾಟನ್ನು ವಾಸನೆ ಹೋಗುವವರೆಗೆ ತಿಕ್ಕಿದಳು, ನಡುವಿನ ಹಲಗೆ ತೆಗೆದು ಕರಿಬೇವಿನ ಕುಂಡವನ್ನು ಒಳಗಿಟ್ಟಳು. ಕೈಯಲ್ಲಿ ಮುಟ್ಟಲು ಹೆದರಿ ಲಟ್ಟಣಿಗೆ ಚಾಚಿದಳು. ಗೋಸುಂಬೆ ನಿಧಾನವಾಗಿ ಅದರ ಮೇಲೆ ಹತ್ತಿತು. ಅದನ್ನು ಗಿಡಕ್ಕೆ ದಾಟಿಸಿದಳು. ಬಟ್ಟಲಿನ ನೀರನ್ನು ಅದು ಮುಟ್ಟದೆಂದು ನೋಡಿ ತಿಳಿದಿದ್ದಳು. ಬೆರಳಿನಿಂದ ಎಲೆಗಳ ಮೇಲೆ ನೀರು ಚಿಮುಕಿಸಿ, ಅದು ಒಂದು ಹನಿ ನೆಕ್ಕುವ ತನಕ ಕಾದು, ಕಪಾಟಿನ ಬಾಗಿಲು ಹಾಕಿದಳು.