ಬಾವಿಯೊಳಗಿನ ರಾಜಧಾನಿ

ಲಾ ಪಾಸ್ ಎಂಬ ಊರನ್ನು ನಾನು ಓದಿ ಮುಗಿಸಿದ್ದು ಸೊರಬದ ಉಳವಿ ಕಡೆಯ ಒಂದು ಕೊಯ್ದ ಗದ್ದೆಯಲ್ಲಿ, ಕುರಿಗಳ ನಡುವೆ ಕೂತು. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಊರು ಅದು. ಆ ಊರಿನ ಬಗ್ಗೆ ತರಗತಿಯಲ್ಲಿ ಎದ್ದು ನಿಂತು ಮಾತಾಡಿಬಿಟ್ಟರೆ ನನ್ನ ಬಿ.ಎ. ಮುಗಿಯುತ್ತಿತ್ತು. ಬಿ.ಎ. ಮುಗಿದರೆ ಕೈಯಿಂದ ಕೋಲು ಇಳಿಯುತ್ತಿತ್ತು.

ಕುರಿ ಕಾಯುವ ಕೋಲು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟರು. ನಮ್ಮ ಮನೆಯಲ್ಲಿ ಆ ಕೋಲನ್ನು ನೆಲಕ್ಕಿಟ್ಟು ಹೋಗುವಂತಿಲ್ಲ. ಇನ್ನೊಬ್ಬರು ಬಂದು ಕೈಯಿಂದ ಕೈಗೆ ಇಸಕೊಳ್ಳಬೇಕು. ಅಪ್ಪ ತೀರಿಹೋದರು, ಅಣ್ಣ ಜಮೀನು ನೋಡಿಕೊಂಡ, ಇಸಕೊಳ್ಳುವವರು ಯಾರೂ ಬರಲಿಲ್ಲ. ಮೀಸೆ ಬಂದು ಎಷ್ಟೋ ವರ್ಷದ ಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿದೆ. ಆಮೇಲೆ ಪಿಯುಸಿ. ಆಮೇಲೆ ಅಂಚೆಯಲ್ಲಿ ಪಾಠ ಬರುವ ಬಿ.ಎ. ಶಿಕಾರಿಪುರದ ಒಂದು ಹಾಸ್ಟೆಲಿನಲ್ಲಿ ಡಿಗ್ರಿ ಆದವರಿಗೆ ಕೆಲಸವಿದೆ ಎಂದು ಪರಿಚಯದವರು ಹೇಳಿದ್ದರು. ಅಣ್ಣನಿಗೆ ಹೇಳಿದೆ. ಅವನು ನೋವಿನ ಮೊಣಕಾಲು ತಿಕ್ಕಿಕೊಂಡು, "ಡಿಗ್ರಿ ತಗೊಂಡು ಬಾ. ಕೋಲು ನಾನು ಹಿಡೀತೀನಿ" ಅಂದ.

ಶಿಕಾರಿಪುರದಲ್ಲಿ ಭಾನುವಾರ ನಮಗೆ ತರಗತಿ, ಅವತ್ತೊಂದು ದಿನ ಅಣ್ಣ ಬಂದು ಕೋಲು ಹಿಡಿಯುತ್ತಿದ್ದ. ಭೂಗೋಳದ ಮೇಷ್ಟ್ರು ಪರೀಕ್ಷೆಯ ದಿನ ಮಾತಾಡಲು ಒಬ್ಬೊಬ್ಬರಿಗೆ ಒಂದೊಂದು ಊರು ಹಂಚಿದರು. ನನ್ನ ಸರದಿ ಬಂದಾಗ ಹೆಗಲ ಮೇಲಿನ ಕಂಬಳಿ ನೋಡಿ ನಕ್ಕರು. "ನೀವು ಗುಡ್ಡ ಹತ್ತೋರು. ಎತ್ತರದ ಊರು ನಿಮಗೇ ಇರ್ಲಿ ಬಿಡ್ರೀ."

ಆ ಚಳಿಗಾಲ ಕುರಿ ಎಲ್ಲಿ ನಿಂತಿತೋ ಅಲ್ಲಿ ಲಾ ಪಾಸ್ ನನ್ನ ಜೊತೆ ನಿಂತಿತು. ಅಂಬ್ಲಿಗೊಳದ ಹಿನ್ನೀರಿನ ದಡದಲ್ಲಿ ಕುರಿಗೆ ನೀರು ಕುಡಿಸುತ್ತಾ ಓದಿದೆ, ಸೊರಬ ಕಡೆಯ ಗದ್ದೆಗಳಲ್ಲಿ ಓದಿದೆ. ಊರು ಎತ್ತರದಲ್ಲಿದೆ ಎಂದಾಗ ಗುಡ್ಡದ ನೆತ್ತಿಯ ಮೇಲೆ ಇರಬೇಕು ಅಂದುಕೊಂಡಿದ್ದೆ. ಹಾಗಲ್ಲ. ಬಲು ಎತ್ತರದಲ್ಲಿ ಒಂದು ಬಯಲು. ಆ ಬಯಲು ಒಂದು ಕಡೆ ಬಾವಿಯ ಹಾಗೆ ಕುಸಿದಿದೆ. ಊರಿರುವುದು ಆ ಬಾವಿಯೊಳಗೆ. ಸುತ್ತಲೂ ಗೋಡೆಗೆ ಅಂಟಿದಂತೆ ಇಟ್ಟಿಗೆ ಮನೆಗಳು. ಬಾವಿಯ ದಂಡೆಯ ಮೇಲೆ ಇನ್ನೊಂದು ಊರು. ಅಲ್ಲಿರುವವರು ಹೆಚ್ಚಿನವರು ಹಳ್ಳಿಯಿಂದ ಬಂದವರು. ಹಣವಿದ್ದವರು ತಗ್ಗಿಗೆ ಹೋಗುತ್ತಾರೆ, ಅಲ್ಲಿ ಚಳಿ ಕಡಿಮೆ, ಉಸಿರಿಗೆ ಗಾಳಿ ಜಾಸ್ತಿ. ಇದನ್ನು ನಾನು ಬಾಯಿಪಾಠ ಮಾಡಬೇಕಾಗಲಿಲ್ಲ. ನಮ್ಮಲ್ಲೂ ತಗ್ಗಿನ ಗದ್ದೆಗೇ ಬೆಲೆ.

ಕಾಗದದ ಮೇಲೆ ಆ ದೇಶದ ರಾಜಧಾನಿ ಬೇರೆ ಊರಂತೆ, ಸರ್ಕಾರ ಕೂತಿರುವುದು ಮಾತ್ರ ಇಲ್ಲಿ. ಪಹಣಿ ಒಬ್ಬರ ಹೆಸರಿನಲ್ಲಿ, ಉಳುಮೆ ಇನ್ನೊಬ್ಬರದು ಅನ್ನುವ ಹಾಗೆ. ಅಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಬೇಳೆ ಕಾಳು ಬೇಗ ಬೇಯುವುದಿಲ್ಲ. ಹೊಸಬರಿಗೆ ತಲೆ ಸುತ್ತುತ್ತದೆ, ಅದಕ್ಕೆ ಒಂದು ಎಲೆ ಅಗಿಯುತ್ತಾರೆ, ನಮ್ಮವರು ಎಲೆ ಅಡಿಕೆ ಹಾಕಿದಂತೆ ದವಡೆಗೆ ಒತ್ತಿಕೊಂಡು. ಬಾವಿಯ ತಳದಿಂದ ದಂಡೆಗೆ ಹೋಗಲು ತಂತಿಯ ಮೇಲೆ ಓಡುವ ತೊಟ್ಟಿಲುಗಳಿವೆ. ಬೆಳಿಗ್ಗೆ ಮೇಲಿನ ಜನ ಕೂಲಿಗೆ, ವ್ಯಾಪಾರಕ್ಕೆ ಕೆಳಗೆ ಇಳಿಯುತ್ತಾರೆ, ಸಂಜೆ ವಾಪಸ್ ಹತ್ತುತ್ತಾರೆ. ಫೋನಿನಲ್ಲಿ ಅದರ ವಿಡಿಯೋ ನೋಡಿದೆ. ಒಂದು ಹತ್ತುವಾಗ ಪಕ್ಕದಲ್ಲಿ ಒಂದು ಇಳಿಯುತ್ತಿತ್ತು, ರಾಟೆಗೆ ಹಾಕಿದ ಜೋಡಿ ಕೊಡದ ಹಾಗೆ.

ಉಳವಿ ಹತ್ತಿರದ ಆ ಗದ್ದೆಯ ಯಜಮಾನರು ಮಾತುಗಾರರು. ಗೊಬ್ಬರಕ್ಕೆಂದು ನಮ್ಮ ಮಂದೆಯನ್ನು ಗದ್ದೆಯಲ್ಲಿ ನಿಲ್ಲಿಸಿಕೊಂಡಿದ್ದರು. ಸಂಜೆ ಬದುವಿನ ಮೇಲೆ ಕೂತು ನಾನು ಏನು ಓದುತ್ತಿದ್ದೇನೆಂದು ಕೇಳಿದರು. ಹೇಳಿದೆ.

"ಅಲ್ಲೂ ಕುರಿ ಇದಾವೇನೋ?"

"ಇದಾವೆ ಯಜಮಾನ್ರೆ. ಲಾಮಾ ಅಂತ ಇನ್ನೊಂದಿದೆ. ಕತ್ತು ಉದ್ದ, ಸಿಟ್ಟು ಬಂದ್ರೆ ಮುಖಕ್ಕೇ ಉಗಿತದೆ."

"ನಮ್ಮ ಭಾವನ ಹಾಗೆ ಅನ್ನು ಮಾರಾಯ."

ನಾಳೆಯೇ ಪರೀಕ್ಷೆ, ಬೆಳಗಿನ ಬಸ್ಸು ಹಿಡಿಯಬೇಕು ಎಂದೂ ಅವರಿಗೆ ಹೇಳಿದೆ. ಅದನ್ನು ಹೇಳಬಾರದಿತ್ತು.

ಮಾರನೆಯ ಬೆಳಿಗ್ಗೆ ಅವತ್ತಿನ ಮಟ್ಟಿಗೆ ಕೋಲು ಹಿಡಿಯಲು ಅಣ್ಣ ಬಂದ. ಕುಂಟುತ್ತಾ ಬದು ದಾಟಿ ಬಂದು ಕೋಲು ಇಸಕೊಂಡ. ನನ್ನ ಬಲಗೈ ಏನು ಮಾಡಬೇಕೆಂದು ತಿಳಿಯದೆ ಹಾಗೇ ಜೋತಾಡಿತು. ತೊಳೆದ ಅಂಗಿ ಹಾಕಿಕೊಂಡೆ. ಹೊರಡಲು ಒಂದೇ ಬಾಕಿ, ಬೆಳಗಿನ ಬುತ್ತಿ.

ನಮ್ಮಲ್ಲಿ ಒಂದು ನಡೆ ಇದೆ. ಮಂದೆಯ ಜೊತೆ ಗದ್ದೆಯಲ್ಲಿ ಮಲಗಿದವನು ಬೆಳಿಗ್ಗೆ ಆ ಗದ್ದೆಯವರ ಮನೆಯ ಬುತ್ತಿ ಉಣ್ಣದೆ ಬದು ದಾಟುವಂತಿಲ್ಲ. ಹಸಿದು ಹೋದರೆ ಆ ವರ್ಷ ಅವರ ಭತ್ತ ಜೊಳ್ಳಾಗುತ್ತದೆ ಎಂಬ ನಂಬಿಕೆ. ಮನೆ ಬಾಗಿಲಿಗೆ ಹೋಗಿ ಕೇಳುವಂತೆಯೂ ಇಲ್ಲ, ಅದು ಬೇಡಿದಂತೆ. ಬುತ್ತಿ ಗದ್ದೆಗೇ ಬರಬೇಕು. ದಿನಾ ಹೊತ್ತು ಏರುವ ಮೊದಲೇ ಬರುತ್ತಿತ್ತು. ಅವತ್ತು ಬರಲಿಲ್ಲ.

ಮಂದೆಯ ಸುತ್ತ ಕಟ್ಟಿದ ಬಲೆಯೊಳಗೆ ಕುರಿಗಳು ಎದ್ದು ಒಂದನ್ನೊಂದು ತಳ್ಳುತ್ತಿದ್ದವು. ನಾನು ಬಲೆಯ ಹೊರಗಿದ್ದೆ, ಅಷ್ಟೇ ವ್ಯತ್ಯಾಸ. "ಹೋಗ್ಲಾ ಅಣ್ಣ?" ಅಂದೆ.

"ಹೋಗು ಅಂತ ನಾನು ಹೆಂಗ್ ಹೇಳ್ಲೋ? ಇವರ ಗದ್ದೆ ಜೊಳ್ಳಾದ್ರೆ ಮುಂದಿನ ವರ್ಷ ಯಾರು ನಮ್ಮ ಮಂದೆ ಕರೀತಾರೆ?"

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು. ಬೇಲಿಯ ಮೇಲೆ ಅದರ ತಲೆ ಮಾತ್ರ ಕಾಣುತ್ತಿತ್ತು. ತಿರುವಿನಲ್ಲಿ ನಿಧಾನವಾಯಿತು, ಯಾರೋ ಇಳಿದಿರಬೇಕು, ಮತ್ತೆ ಹೊರಟುಹೋಯಿತು. ಅಣ್ಣ ಅತ್ತ ನೋಡಲಿಲ್ಲ.

ಯಜಮಾನರ ಹೆಂಡತಿ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ತಲೆಯ ಮೇಲೆ ದೊಡ್ಡ ಬುಟ್ಟಿ, ಮುಖದ ತುಂಬ ಬೆವರು. ಬುಟ್ಟಿಯ ಬಟ್ಟೆ ತೆಗೆದರೆ ಹೋಳಿಗೆ.

"ತಡ ಆಯ್ತಾ ತಮ್ಮಾ? ಪರೀಕ್ಷೆಗೆ ಹೋಗೋರಿಗೆ ಒಣ ರೊಟ್ಟಿ ಕೊಡೋದು ಹೆಂಗೆ ಅಂತ ಬೇಳೆ ಬೇಯಕ್ಕೆ ಇಟ್ಟೆ. ಹಾಳಾದ್ದು ಬೇಗ ಬೇಯ್ಲೇ ಇಲ್ಲ ನೋಡು."

ಉಳವಿ ಅಷ್ಟೇನೂ ಎತ್ತರದ ಊರಲ್ಲ. ಆದರೂ ಅವತ್ತು ಬೇಳೆ ಬೇಗ ಬೇಯಲಿಲ್ಲ.

ಆಕೆ ಮುಂದೆಯೇ ಕೂತರು. ಒಂದು ತಿಂದೆ, ಇನ್ನೊಂದು ಹಾಕಿದರು. ತುಪ್ಪ ಸುರಿದರು. ಆ ಮುಖಕ್ಕೆ ಬಸ್ಸು ಹೋಯಿತು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೋಳಿಗೆ ಗಂಟಲಲ್ಲಿ ಇಳಿಯುವಾಗ, ಇವರು ಎಷ್ಟು ಒಳ್ಳೆಯ ಜನ, ಇವರಿಂದ ತಪ್ಪಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನಿಸಿತು. ಉಳಿದದ್ದನ್ನೂ ಬಾಳೆ ಎಲೆಯಲ್ಲಿ ಕಟ್ಟಿ ಚೀಲಕ್ಕೆ ತುರುಕಿದರು.

ಸಿಕ್ಕ ಗೂಡ್ಸ್ ಆಟೋ ಹತ್ತಿ ಸೊರಬಕ್ಕೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಮತ್ತೆ ಕಾದೆ. ಬಸ್ಸಿನಲ್ಲಿ ನಿಂತುಕೊಂಡೇ ನನ್ನ ಮಾತನ್ನು ಮನಸ್ಸಿನಲ್ಲಿ ಮೊದಲಿನಿಂದ ಹೇಳಿಕೊಂಡೆ. ಹಿಮದ ಬೆಟ್ಟ, ಬಾವಿ, ದಂಡೆ, ತೊಟ್ಟಿಲು. ಒಂದು ಮಾತೂ ಮರೆತಿರಲಿಲ್ಲ.

ಶಿಕಾರಿಪುರ ಮುಟ್ಟುವಾಗ ಹೊರಗಿನಿಂದ ಬಂದಿದ್ದ ಪರೀಕ್ಷಕರು ಹೊರಟುಹೋಗಿದ್ದರು. ಮೇಷ್ಟ್ರು ಕೋಣೆಗೆ ಬೀಗ ಹಾಕುತ್ತಿದ್ದರು. ಫೋನ್ ಮಾಡಬಾರದಿತ್ತೇ ಎಂದರು. ಮಾಡಿದ್ದೆ, ಅವರು ತರಗತಿಯೊಳಗಿದ್ದು ಬಂದ್ ಇಟ್ಟಿದ್ದರು. ಬೀಗ ಎಳೆದು ನೋಡಿದರು. ಕೊನೆಗೆ, "ಬೇಸಿಗೆ ಕೊನೆಗೆ ಇನ್ನೊಂದ್ಸಲ ಇಡ್ತಾರ್ರೀ. ಇದೇ ಊರು ಇಟ್ಕೊಳ್ರೀ, ಓದಿದ್ದು ದಂಡ ಆಗಲ್ಲ" ಅಂದರು.

ಗದ್ದೆಗೆ ಮರಳಿದಾಗ ಸಂಜೆ. ಅಣ್ಣ ಕೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. ಮೊಣಕಾಲು ಊದಿತ್ತು. ನನ್ನ ಮುಖ ನೋಡಿಯೇ ತಿಳಿದುಕೊಂಡ. ಎಲೆ ಬಿಚ್ಚಿ ಹೋಳಿಗೆ ಇಟ್ಟೆ. ಇಬ್ಬರೂ ತಿಂದೆವು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು.

"ಅಲ್ಲಿ ಹೇಳೋದನ್ನ ನಂಗಾದ್ರೂ ಹೇಳು" ಅಂದ.

ಹೇಳಿದೆ. ಪೂರ್ತಿ ಹೇಳಿದೆ, ನಿಂತುಕೊಂಡೇ. ತೊಟ್ಟಿಲಿನ ಮಾತು ಬಂದಾಗ ಅವನು ತಡೆದು, ಸಂಜೆ ಮೇಲೆ ಹೋದವರು ಬೆಳಿಗ್ಗೆ ಕೆಳಗೆ ಇಳಿಯದಿದ್ದರೆ ಏನಾಗುತ್ತದೆ ಎಂದು ಕೇಳಿದ. ಅವತ್ತಿನ ಒಲೆ ಉರಿಯುವುದಿಲ್ಲ ಎಂದೆ. ತಲೆಯಾಡಿಸಿದ. ಆಮೇಲೆ ಕೋಲು ಮುಂದೆ ಚಾಚಿದ.

"ಬೇಸಿಗೆಗೆ ಮತ್ತೆ ನಾನೇ ಬರ್ತೀನಿ" ಅಂದ.

ಇಸಕೊಂಡೆ. ಅವನ ಕೈಯ ಬಿಸಿ ಅದರಲ್ಲಿನ್ನೂ ಇತ್ತು.

ಈಗ ಬೇಸಿಗೆಯ ಕೊನೆ. ಮಂದೆ ಬೇರೆಯವರ ಗದ್ದೆಯಲ್ಲಿದೆ. ಇಲ್ಲಿನ ಯಜಮಾನರೂ ಒಳ್ಳೆಯವರು, ಅವರ ಹೆಂಡತಿ ಇನ್ನೂ ಒಳ್ಳೆಯವರು. ನಾಳೆ ಎಲ್ಲಿಗೆ ಎಂದು ಈ ಸಂಜೆ ಕೇಳಿದರು. ಶಿಕಾರಿಪುರ ಸಂತೆಗೆ ಎಂದೆ. ನಾಳೆಯ ಪರೀಕ್ಷೆಯ ವಿಷಯ ಅಣ್ಣನೊಬ್ಬನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಒಣ ರೊಟ್ಟಿಯೇ ಬರಲಿ ಎಂದು ಕಾಯುತ್ತಿದ್ದೇನೆ.